ಗಾಜಿನ ಹಂಚು

ಟೇಪು ಹಿಡಿದ ಹುಡುಗನೊಬ್ಬ ಬಂದಿದ್ದಾನೆ,
ಹಳೇ ಕಟ್ಟಡಗಳ ಪಟ್ಟಿ ಮಾಡುತ್ತಾರಂತೆ, ಉಳಿಸುತ್ತಾರಂತೆ.
ಬೋಳಾರದ ಇಳಿಜಾರಿನಲ್ಲಿ ಚಂದ್ರಿಕಾ ಟಾಕೀಸು
ಬಾಯಿಗೆ ತಗಡು ಹೊಡೆಸಿಕೊಂಡು ಹದಿನೇಳು ವರ್ಷ.
ಎದುರಿನ ಜೆರಾಕ್ಸ್ ಅಂಗಡಿ ನನ್ನದು. ಬೀಗದ ಕೈಯೂ ನನ್ನಲ್ಲೇ ಉಂಟು;
ಗೇಟಿನ ಮಯ್ಯದ್ದಿಚ್ಚ ಹೋದ ಮೇಲೆ
ಅದು ಯಾರಿಗೂ ಬೇಡವಾಗಿತ್ತು.

ಉದ್ದ ಎಂಬತ್ತೆರಡು ಅಡಿ. ಬರೆದುಕೊಂಡ.
ಅಗಲ ನಲವತ್ತು. ಗೋಡೆ ಮುರಕಲ್ಲು, ಸುಣ್ಣದ ಗಾರೆ.
ಹೆಂಗಸರ ಬದಿಗೆ ಪರದೆ ಕಟ್ಟುತ್ತಿದ್ದ ಮೊಳೆ ಮೂರು.
ಮೇಲೆ ಮಿಷನ್ನಿನ ಕೋಣೆ, ಗೋಡೆಗೆ ಎರಡು ಚೌಕ ತೂತು,
ನೆಲದಲ್ಲಿ ಇನ್ನೂ ತಾಮ್ರದ ಸಿಪ್ಪೆಯ ಕಾರ್ಬನ್ ತುಂಡು.
ಪಾಸ್ಕಲ್ ಪೊರ್ಬು ಅವನ್ನು ನಮಗೆ ಕೊಡುತ್ತಿದ್ದರು,
ಉರಿದು ಮುಗಿದ ಬೆಳಕಿನ ಬಾಲ.
ಅದರಲ್ಲಿ ನಾವು ಅಂಗಳಕ್ಕೆ ಗೆರೆ ಹಾಕಿ ಕುಂಟಾಬಿಲ್ಲೆ ಆಡಿದ್ದು.
ಇದನ್ನು ಎಲ್ಲಿ ಬರೆಯಲಿ ಎಂದ ಹುಡುಗ.
ಕಾಲಂ ಇರಲಿಲ್ಲ.

ಅಮ್ಮನನ್ನೂ ಕರೆತಂದಿದ್ದೆ. ಪೂವಕ್ಕ ಎಂದರೆ ಈ ಬೀದಿಗೆ ಗೊತ್ತು.
ಮುಂದಿನ ಬೆಂಚಿನ ಧೂಳು ಸೆರಗಲ್ಲಿ ಒರೆಸಿ ಕೂತಳು,
ತನ್ನ ಜಾಗವೇ ಅದು ಎಂಬ ಹಾಗೆ.
ತನ್ನದೇ ಜಾಗ.
ಮಧ್ಯಾಹ್ನ ಎರಡೂವರೆಯ ಆಟಕ್ಕೆ ಹದಿನಾರು ಹೆಂಗಸರು,
ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು.
ಕತ್ತಲಲ್ಲಿ ಕಣ್ಣು ಪರದೆಗೆ, ಬೆರಳು ಬೀಡಿಗೆ.
ನಾಯಕಿ ಅತ್ತರೆ ಸುರುಳಿ ಸ್ವಲ್ಪ ಬಿಗಿ,
ಮರುದಿನ ಚೆಕ್ಕರ್ ಬೈಯುತ್ತಿದ್ದ: ಇದೆಂತ, ಎಳೆದರೆ ಬರುವುದಿಲ್ಲ.

ಮಾಡಿನಲ್ಲಿ ಗಾಜಿನ ಹಂಚು ನಾಲ್ಕು. ಎಲ್ಲಕ್ಕೂ ಡಾಮರು ಬಳಿದಿತ್ತು.
ಪಡುವಣದ ಒಂದರಲ್ಲಿ ಕಾಗೆ ಕುಕ್ಕಿತೋ ಏನೋ,
ಒಂದು ಎಂಟಾಣೆಯಷ್ಟು ಸಿಪ್ಪೆ ಎದ್ದು
ಅಲ್ಲಿಂದ ಬಿಸಿಲು ಇಳಿಯುತ್ತಿತ್ತು.
ಮೂರಕ್ಕೆ ಬೆಂಚಿನ ಮೇಲೆ. ಮೂರೂವರೆಗೆ ಪರದೆಯ ಬುಡದಲ್ಲಿ.
ಮತ್ತೆ ಹತ್ತುವುದು:
ಖಳನ ಚಪ್ಪಲಿ, ಕುದುರೆಯ ಹೊಟ್ಟೆ, ಕೋರ್ಟಿನ ಮೇಜು.
ನಾಯಕಿಯ ಹಣೆಗೆ ಬೊಟ್ಟಿನ ಹಾಗೆ ಬಂದು ಕೂತಿತೋ,
ಹದಿನಾರು ಜನ ಒಟ್ಟಿಗೆ ಎದ್ದರು.
ಐದಕ್ಕೆ ಬೀಡಿಯ ಬ್ರಾಂಚು ಮುಚ್ಚುತ್ತದೆ.

ಹಾಗಾಗಿ ನಮ್ಮ ಬೀದಿಯ ಯಾವ ತಾಯಿಯೂ
ಒಂದು ಸಿನಿಮಾದ ಕೊನೆ ನೋಡಿದವಳಲ್ಲ.
ರಾತ್ರಿ ನಮಗೆ ಕಥೆ ಹೇಳುವಾಗ ತಾವೇ ಮುಗಿಸುತ್ತಿದ್ದರು.
ಅಮ್ಮನ ಕಥೆಯಲ್ಲಿ ಹುಡುಗಿ ಮದುವೆಯಾಗುತ್ತಲೇ ಇರಲಿಲ್ಲ,
ಬಸ್ಸು ಹತ್ತಿ ಕಾರ್ಕಳಕ್ಕೆ ಹೋಗುತ್ತಿದ್ದಳು.
ಕಾರ್ಕಳದಲ್ಲಿ ಎಂತ ಉಂಟಮ್ಮ?
ನನಗೆಂತ ಗೊತ್ತು. ಅವಳಿಗೆ ಗೊತ್ತಿದೆ.

ಮಳೆಗಾಲದಲ್ಲಿ ಬಿಸಿಲಿಲ್ಲ, ಗಡಿಯಾರವಿಲ್ಲ.
ಒಂದು ಆಟಿಯಲ್ಲಿ ಮರೆತು ಕೂತೇಬಿಟ್ಟರು, ಕೊನೆಯವರೆಗೆ.
ಆದರೆ ಹಂಚಿನ ಮೇಲೆ ಆ ಪರಿ ಮಳೆ,
ಬಾಯಿಗಳು ತೆರೆದವು, ಮುಚ್ಚಿದವು,
ಯಾರು ಯಾರನ್ನು ಕ್ಷಮಿಸಿದರೋ ತಿಳಿಯಲಿಲ್ಲ.
ಬ್ರಾಂಚೂ ಮುಚ್ಚಿತ್ತು. ಆ ವಾರ ಮನೆಯಲ್ಲಿ ಗಂಜಿಗೆ ಉಪ್ಪಿನಕಾಯಿ ಮಾತ್ರ.

ಹುಡುಗ ಮೇಲೆ ನೋಡಿದ: ಹಂಚು ಬದಲಿಸಬೇಕು.
ಗಾಜಿನದನ್ನು ತೆಗೆದೇಬಿಡುತ್ತೇವೆ,
ಥಿಯೇಟರಿಗೆ ಬೆಳಕು ಬರಬಾರದಲ್ಲ.
ಒಳ್ಳೆಯ ಹುಡುಗ. ಕಿವಿಯಲ್ಲಿ ಪೆನ್ಸಿಲು.
ನಾನು ಬಾಯಿ ತೆರೆಯುವಷ್ಟರಲ್ಲಿ
ಪರದೆ ಹರಿದುಹೋದ ಬರೀ ಗೋಡೆಯ ಮೇಲೆ ಅದು ಬಂತು,
ಎಂಟಾಣೆ ಈಗ ಅಂಗೈಯಗಲ,
ಪಾಚಿಯ ಮೇಲೆ, ಗೆದ್ದಲ ದಾರಿಯ ಮೇಲೆ, ನಿಧಾನ.

ನಾವು ಮೂವರೂ ನೋಡುತ್ತಾ ಕೂತೆವು.
ಟೇಪು ತಾನಾಗಿಯೇ ಚಟ್ಟನೆ ಒಳಗೆ ಸುತ್ತಿಕೊಂಡಿತು.
ಗೋಡೆಯಲ್ಲಿ ಒಂದು ಎತ್ತರಕ್ಕೆ ಬಿಸಿಲು ಬರುವಾಗ
ಅಮ್ಮ ಮಡಿಲು ಕೊಡವಿ ಎದ್ದಳು.
ಮಡಿಲಲ್ಲಿ ಏನೂ ಇರಲಿಲ್ಲ.

ಕೂತುಕೋ ಅಮ್ಮ, ಬ್ರಾಂಚು ಇಲ್ಲ ಈಗ, ಅಲ್ಲಿ ಮೊಬೈಲ್ ಅಂಗಡಿ.
ಗೊತ್ತುಂಟು ಎಂದಳು,
ಬಾಗಿಲ ಕಡೆಗೆ ಹೋಗುತ್ತಲೇ,
ಒಮ್ಮೆ ಹಿಂದಿರುಗಿ ಗೋಡೆ ನೋಡಿ.